ಸ್ಕೂಲಿಗೆ ಹೊತ್ತ ಸೀರ್

ನವೆಂಬರ್ 14, 2007. ಬುಧವಾರ

ಐದು ಗಂಟೆಗೆ ಒಲೆ ಹಚ್ಚಿದ್ದು. ನೂರು ಕಡುಬು. ಸೊಸೆ ಪೂಂಗೊಡಿ ಕಾಯಿ ತುರಿದಳು, ಮಿಕ್ಕಿದ್ದೆಲ್ಲ ನಾನೇ. ಮಕ್ಕಳ ದಿನ ಅಂತ ಸ್ಕೂಲಿನಲ್ಲಿ ಫುಡ್ ಫೆಸ್ಟಿವಲ್. ಪ್ರತಿ ಮನೆಯಿಂದ ತಿಂಡಿ ಮಾಡಿ ಕಳಿಸಬೇಕು. ಅದನ್ನು ಸ್ಕೂಲಿನವರು ಮಾರುತ್ತಾರೆ. ಕೊಳ್ಳುವವರೂ ನಾವೇ. ಅಕ್ಕಿ ನನ್ನದು, ಬೆಲ್ಲ ನನ್ನದು, ಗ್ಯಾಸು ನನ್ನದು. ಹನ್ನೆರಡು ಗಂಟೆಗೆ ಕ್ಯೂ ನಿಂತು ಕೂಪನ್ ಕೊಂಡು, ನಾನು ಮಾಡಿದ ಕಡುಬನ್ನೇ ಪೇಪರ್ ಪ್ಲೇಟಿನಲ್ಲಿ ತಿಂದು ಬಂದೆ. ಬಿಸಿಲಿಗಿಟ್ಟು ಒಣಗಿಸಿದ್ದರು. ನನ್ನ ಕೈಯ ಕಡುಬು ಒಣಗಿದ್ದನ್ನು ಈ ಊರಲ್ಲಿ ಯಾರೂ ನೋಡಿರಲಿಲ್ಲ. ಇವತ್ತು ನೋಡಿದರು.

ಸಂಜೆ ಮೊಮ್ಮಗಳು ಇಂದುಜಾ ಬ್ಯಾಗಿನಿಂದ ಇನ್ನೊಂದು ಪುಸ್ತಕ ತೆಗೆದಳು. ಲಕ್ಕಿ ಕೂಪನ್. ಇಪ್ಪತ್ತು ಚೀಟಿ. ಮನೆಮನೆಗೆ ಹೋಗಿ ಮಾರಬೇಕಂತೆ. ಬಹುಮಾನ ಮಿಕ್ಸಿ.

‘ನಮ್ಮ ಮನೆ ಹುಡುಗಿ ಇನ್ನೊಬ್ಬರ ಬಾಗಿಲಲ್ಲಿ ಕೈ ಚಾಚೋದಿಲ್ಲ’ ಎಂದೆ.

‘ಹಾಗಾದ್ರೆ ಎಲ್ಲಾನೂ ನೀವೇ ತಗೊಂಡುಬಿಡಿ ಅಜ್ಜಿ. ನನಗೆ ನಡೆಯೋದು ಮಿಚ್ಚ, ಉಳಿಯುತ್ತೆ’ ಎಂದಳು. ಏಳನೇ ಕ್ಲಾಸಿಗೇ ಈ ಬಾಯಿ.

ತಗೊಂಡೆ. ಇಪ್ಪತ್ತೂ. ಮಿಕ್ಸಿ ಯಾರ ಮನೆಗೆ ಹೋಗುತ್ತದೋ ನೋಡೋಣ. ಹೋದ ವರ್ಷದ ಸೈಕಲ್ ಬಂದದ್ದು ಡ್ರಿಲ್ ಮೇಷ್ಟರ ತಮ್ಮನಿಗೆ.

ನವೆಂಬರ್ 19, ಸೋಮವಾರ

ಇಂದುಜಾಳ ಯೂನಿಫಾರ್ಮಿನ ಮೇಲೆ ಹೊಸ ಬ್ಯಾಡ್ಜು. ಸ್ಟಾರ್. ಪುಸ್ತಕ ಪೂರ್ತಿ ಮಾರಿದವರಿಗೆ. ಮಾರದವರನ್ನು ಪ್ರೇಯರ್ ಮುಗಿದ ಮೇಲೂ ಬಿಸಿಲಲ್ಲಿ ನಿಲ್ಲಿಸಿದರಂತೆ. ಭುವನಾಳನ್ನೂ.

ಭುವನಾ ಇವಳ ಪಕ್ಕ ಕೂರುವ ಹುಡುಗಿ, ಹಿಂದಿನ ಬೀದಿಯ ರಾಮಾಯಿಯ ಮಗಳು. ರಾಮಾಯಿ ನನಗೆ ರವಿಕೆ ಹೊಲಿದು ಕೊಡುವವಳು. ನಮ್ಮವಳೇ, ದೂರದ ನಂಟು. ಗಂಡ ತಂಗವೇಲು ಮಿಲ್ಲಿನಲ್ಲಿ. ಡಬಲ್ ಶಿಫ್ಟ್ ಮಾಡಿ ಮಗಳನ್ನು ಇಂಗ್ಲಿಷ್ ಸ್ಕೂಲಿನಲ್ಲಿ ಇಟ್ಟಿದ್ದಾರೆ. ಆ ಹುಡುಗಿ ಕ್ಲಾಸಿಗೆ ಫಸ್ಟು. ನಮ್ಮವಳು ಹದಿನೆಂಟನೆಯವಳು. ಸ್ಟಾರ್ ಮಾತ್ರ ನಮ್ಮವಳಿಗೆ.

ಸ್ಟಾರ್ ಜೊತೆ ಇನ್ನೂ ಎರಡು ಪುಸ್ತಕ ಬಂದಿವೆ. ಈ ಮನೆಯಲ್ಲಿ ಹಾಕಿದರೆ ಬೆಳೆಯುತ್ತದೆ ಎಂದು ಗೊತ್ತಾಯಿತಲ್ಲ. ವಾಪಸ್ ಕಳಿಸು ಎಂದೆ. ಮಗ ದಿವಾಕರ್ ಒಪ್ಪಲಿಲ್ಲ. ‘ಟೆಂತ್ ತನಕ ಅಲ್ಲೇ ಓದಬೇಕಮ್ಮ. ಅವರ ಕಣ್ಣಿಗೆ ಬೀಳೋದು ಬೇಡ.’ ಲೇತ್ ಪಟ್ಟರೆಯಲ್ಲಿ ಆರು ಕೆಲಸದವರ ಮೇಲೆ ಕೂಗಾಡುವ ಮಗ, ಸ್ಕೂಲ್ ಗೇಟಿನಲ್ಲಿ ವಾಚ್‌ಮನ್‌ಗೂ ಕೈ ಮುಗಿಯುತ್ತಾನೆ.

ಡಿಸೆಂಬರ್ 1, ಶನಿವಾರ

ಪೇರೆಂಟ್ಸ್ ಮೀಟಿಂಗ್. ದಿವಾಕರ್‌ಗೆ ಅರ್ಜೆಂಟ್ ಕೆಲಸ ಬಂತು. ಮೀಟಿಂಗ್ ದಿನ ಯಾವಾಗಲೂ ಬರುತ್ತದೆ. ನಾನು ಹೋದೆ.

ಕರೆಸ್ಪಾಂಡೆಂಟ್ ಸೋಮಸುಂದರಂ — ಸ್ಕೂಲು ಇವರದೇ — ಬಿಳಿ ಪಂಚೆ, ಮೈಕು. ‘ಡೊನೇಶನ್ ಅನ್ನೋ ಮಾತೇ ನನಗೆ ಹಿಡಿಸೋದಿಲ್ಲ’ ಎಂದು ತಮಿಳಿನಲ್ಲಿ ಶುರು ಮಾಡಿದರು. ಎಲ್ಲರ ಕೈಯೂ ಜೇಬಿಗೆ ಹೋಯಿತು, ಇದೆಯಾ ಎಂದು ನೋಡಿಕೊಳ್ಳಲು.

ಜನವರಿಗೆ ಸ್ಕೂಲಿಗೆ ಇಪ್ಪತ್ತೈದು ವರ್ಷ. ಸ್ಕೂಲು ನಮ್ಮೆಲ್ಲರ ಮನೆಯ ಮಗಳಂತೆ. ಮಗಳಿಗೆ ತವರಿನಿಂದ ಉಡುಗೊರೆಯ ಸೀರ್ ಹೋಗುವ ಹಾಗೆ ನಾವೂ ಸೀರ್ ತರಬೇಕಂತೆ. ಪಟ್ಟಿ ಹಂಚಿದರು. ಒಂದನೇ ಕ್ಲಾಸಿನವರು ಗೋಡೆ ಗಡಿಯಾರ. ಏಳನೆಯವರು ಫ್ಯಾನು ಇಲ್ಲವೇ ಸ್ಟೀಲ್ ಡ್ರಮ್ಮು. ಹತ್ತನೆಯವರು ಸೇರಿಕೊಂಡು ಕಂಪ್ಯೂಟರು. ಕೆಳಗೆ ಸಣ್ಣ ಅಕ್ಷರದಲ್ಲಿ — ಇಷ್ಟವಿದ್ದವರು ಮಾತ್ರ.

ನಲವತ್ತೈದು ವರ್ಷದಿಂದ ಈ ಸುತ್ತಿನ ನಮ್ಮ ಜನರಲ್ಲಿ ಸೀರ್ ಹೊರಡುವುದು ನನ್ನನ್ನು ಕೇಳಿ. ಯಾವ ಹರಿವಾಣದಲ್ಲಿ ಏನು, ಯಾರು ಮುಂದೆ, ಯಾರು ಹಿಂದೆ — ನಾನು ಹೇಳದೆ ಹೆಜ್ಜೆ ಎತ್ತುವುದಿಲ್ಲ. ಸುಮ್ಮನೆ ಕೂರಲು ಆಗಲಿಲ್ಲ. ಎದ್ದೆ.

‘ಸೀರ್‌ಗೆ ಪಟ್ಟಿ ಕೊಡೋ ಮಗಳನ್ನ ನಾನು ಎಲ್ಲೂ ನೋಡಿಲ್ಲ’ ಎಂದೆ. ಹಿಂದಿನ ಸಾಲಿನಲ್ಲಿ ನಕ್ಕರು. ‘ಸೀರ್ ಅಂದ್ರೆ ಏನು ಅಂತ ಗೊತ್ತಾ ನಿಮಗೆ? ಎಲೆ ಅಡಿಕೆ ಇಟ್ಟು ಮನೆಮನೆಗೆ ಬಂದು ಕರೀಬೇಕು. ಸೋದರಮಾವ ತಲೆ ಮೇಲೆ ಹೊರಬೇಕು, ಆಟೋದಲ್ಲಿ ಹಾಕಿ ಕಳಿಸೋದಲ್ಲ. ಮುಂದೆ ಮೇಳ. ಬಾಗಿಲಲ್ಲಿ ಒಬ್ಬ ನಿಂತು ಯಾರ ಮನೆ, ಯಾವ ಮಾವ ಅಂತ ಊರಿಗೆ ಕೇಳೋ ಹಾಗೆ ಕೂಗಬೇಕು. ಒಂದು ಸಲ ಅಲ್ಲ, ಮೂರು ಸಲ. ಮೂರು ಸಲಕ್ಕೂ ಬರದಿದ್ರೆ ಆ ಮನೆ ಮರ್ಯಾದೆ ಅಲ್ಲಿಗೆ ಮುಗೀತು, ಮುಂದಿನವರನ್ನ ಕರೀತಾರೆ. ಅದು ಸೀರ್. ಮಾಡ್ತೀರಾ ಅದನ್ನ? ಇಲ್ಲ ನಿಮಗೆ ಬರೀ ಫ್ಯಾನು ಸಾಕಾ?’

ಮುಖಕ್ಕೆ ಹೊಡೆದ ಹಾಗೆ ಆಗಲಿ ಎಂದೇ ಹೇಳಿದ್ದು. ಅವರ ಮುಖ ಕೆಡಲಿಲ್ಲ. ಕೈ ಮುಗಿದು ಪೂರ್ತಿ ಕೇಳಿದರು. ಪಕ್ಕದಲ್ಲಿದ್ದ ಕ್ಲರ್ಕು ಬರೆದುಕೊಳ್ಳುತ್ತಿದ್ದ.

ಬರುವಾಗ ನಾಲ್ಕೈದು ತಾಯಂದಿರು ಗೇಟಿನ ತನಕ ಜೊತೆ ಬಂದರು. ನೀವು ಸರಿಯಾಗಿ ಕೇಳಿದಿರಿ ಅಮ್ಮಾ ಎಂದರು. ಅವರ್ಯಾರೂ ಒಳಗೆ ಬಾಯಿ ಬಿಟ್ಟಿರಲಿಲ್ಲ.

ಡಿಸೆಂಬರ್ 6, ಗುರುವಾರ

ಸರ್ಕ್ಯುಲರ್ ಬಂತು. ತಮಿಳು, ಇಂಗ್ಲಿಷ್ ಎರಡೂ. ಪೂಂಗೊಡಿ ಓದಿ ಹೇಳಿದಳು.

‘ನಮ್ಮ ಸಂಪ್ರದಾಯದಂತೆ ಸೀರ್ ಮೆರವಣಿಗೆ. ಪ್ರತಿ ವಿದ್ಯಾರ್ಥಿಯ ಸೋದರಮಾವನು ತಲೆಯ ಮೇಲೆ ಹೊತ್ತು ತರುವುದು. ಗೇಟಿನಲ್ಲಿ ಮೈಕಿನಲ್ಲಿ ವಿದ್ಯಾರ್ಥಿಯ ಹೆಸರು, ಮಾವನ ಹೆಸರು, ವಸ್ತು — ಮೂರು ಬಾರಿ ಘೋಷಿಸಲಾಗುವುದು.’ ಕೆಳಗೆ ಒಂದು ಫಾರಂ. ಹೆಸರು, ಮಾವ, ವಸ್ತು. ಇಷ್ಟವಿದ್ದವರು ಮಾತ್ರ ಎನ್ನುವ ಸಣ್ಣ ಅಕ್ಷರ ಈ ಸಲ ಇಲ್ಲ.

ನನ್ನ ಮಾತು. ಒಂದು ಅಕ್ಷರ ಬಿಡದೆ.

ಈ ಮನೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ಕಲಿತದ್ದು, ಮದುವೆಯಾಗಿ ಈ ತಮಿಳು ಸೀಮೆಗೆ ಬಂದ ಮೇಲೆ ಈ ನೋಟ್‌ಬುಕ್ಕಿಗೆ ಬಿಟ್ಟರೆ ಬೇರೆ ಯಾತಕ್ಕೂ ಬೇಕಾಗಲಿಲ್ಲ. ಪೂಂಗೊಡಿ ದಿನಾ ಇದರ ಧೂಳು ಒರೆಸಿ ಇಡುತ್ತಾಳೆ, ತೆರೆಯುವುದಿಲ್ಲ, ತೆರೆದರೂ ಅವಳಿಗೇನೂ ತಿಳಿಯದು. ಹಾಗಾಗಿ ನಿಜ ಬರೆಯಬಹುದು — ಮೊದಲು ಖುಷಿಯಾಯಿತು. ಅಚ್ಚಿನಲ್ಲಿ ನೋಡಿ ಖುಷಿಯಾಯಿತು. ಆಮೇಲೆ ಕೋಪ ಬಂತು.

‘ಅತ್ತೆ, ನೀವು ಬಯ್ದಿದ್ದನ್ನ ಅವರು ಬಳಸಿಕೊಂಡುಬಿಟ್ಟರು’ ಎಂದಳು ಪೂಂಗೊಡಿ. ನಗುತ್ತಿದ್ದಳೋ ಏನೋ.

ಡಿಸೆಂಬರ್ 9, ಭಾನುವಾರ

ಸೋಮಸುಂದರಂ ಮನೆಗೆ ಬಂದರು. ಹೆಂಡತಿಯ ಜೊತೆ. ಎಲೆ ಅಡಿಕೆ, ಬಾಳೆಹಣ್ಣು, ಅರಿಸಿನ, ಹೂವು. ಚಪ್ಪಲಿ ಬೀದಿಯಲ್ಲೇ ಬಿಟ್ಟರು. ಎಲ್ಲಾ ಸರಿಯಾಗಿ.

‘ಅಮ್ಮಾ, ನೀವೇ ಮುಂದೆ ನಡೆದು ಸೀರ್ ತರಬೇಕು.’

‘ಗಂಡ ಹೋದವಳು ಸೀರ್ ಮುಂದೆ ನಡೆಯೋದಿಲ್ಲ’ ಎಂದೆ. ‘ಅದೂ ಬರ್ಕೊಳ್ಳಿ.’

‘ಹಾಗಾದ್ರೆ ಮುಂದಿನ ಸಾಲಲ್ಲಿ ಕೂತು ನಡೆಸಿಕೊಡಿ. ದೊಡ್ಡವರು ನೀವು ಹೇಳಿದ್ರೆ ತಪ್ಪಾಗಲ್ಲ.’

ಒಪ್ಪಬಾರದಿತ್ತು. ಆದರೆ ಈ ಮನೆಯ ಬಾಗಿಲಿಗೆ ಎಲೆ ಅಡಿಕೆ ತಂದು ಯಾರಾದರೂ ಕರೆದು ಎಷ್ಟು ವರ್ಷವಾಯಿತು. ಈಗಿನವರು ಫೋನಿನಲ್ಲಿ ಕೇಳುತ್ತಾರೆ — ಅಜ್ಜೀ, ಎಷ್ಟು ಹರಿವಾಣ? ಹನ್ನೊಂದಾ, ಇಪ್ಪತ್ತೊಂದಾ? ಅಷ್ಟೇ. ಇಡುತ್ತಾರೆ.

ಒಪ್ಪಿದೆ. ತಪ್ಪು ನಡೆಯಬಾರದಲ್ಲ ಎಂದು ಒಪ್ಪಿದೆ.

ಅವರು ಹೋದ ಮೇಲೆ ದಿವಾಕರ್ ಸೋಫಾದಲ್ಲಿ ಕೂತು ಬಾಳೆಹಣ್ಣು ಸುಲಿದ. ‘ಇಂದುಜಾಗೆ ಇನ್ನು ಟೆಂತ್ ತನಕ ತೊಂದರೆ ಇಲ್ಲ’ ಎಂದ.

ಡಿಸೆಂಬರ್ 22, ಶನಿವಾರ

ರಾಮಾಯಿ ರವಿಕೆ ತಂದಳು. ಎರಡು ಕೊಡಬೇಕಿತ್ತು, ಒಂದೇ ಆಗಿತ್ತು. ಕೂರು ಎಂದೆ. ಕೂರಲಿಲ್ಲ. ಬಾಗಿಲ ಪಟ್ಟಿ ಹಿಡಿದು ನಿಂತಳು.

‘ದೊಡ್ಡಮ್ಮ, ಮುಂಚೆ ಆದ್ರೆ ಕವರಿನಲ್ಲಿ ಐವತ್ತೋ ನೂರೋ ಇಟ್ಟು ಕೊಡ್ತಿದ್ದೆ. ಟೀಚರು ಬೈತಿದ್ರು, ಅಷ್ಟೇ. ಯಾರಿಗೂ ತೆರಿಯಾದು, ಗೊತ್ತಾಗ್ತಿರಲಿಲ್ಲ. ಈಗ ಮೈಕಿನಲ್ಲಿ ಕೂಗ್ತಾರಂತೆ.’

‘ಹೌದು.’

‘ನೀವು ಹೇಳಿಕೊಟ್ಟಿದ್ದಂತೆ.’

‘ನಾನು ಅವರಿಗೆ ಬೈದದ್ದು ಅಮ್ಮಣಿ. ಅವರು ಬರ್ಕೊಂಡರು.’

ರವಿಕೆ ನನ್ನ ಕೈಗೆ ಕೊಟ್ಟಳು. ಆಮೇಲೆ — ‘ಡ್ರಮ್ಮು ಹೇಗೋ ತಗೋತೀನಿ. ಹೊರೋಕೆ ಮಾವ ಎಲ್ಲಿಂದ ತರ್ಲಿ?’

ಗೊತ್ತಿರುವ ವಿಷಯ. ಅವಳ ಅಣ್ಣ ಚೆನ್ನಿಯಪ್ಪನ್ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರು. ಅಪ್ಪ ಸತ್ತಾಗ ಮನೆ ಪಾಲಿನ ಜಗಳ. ಹತ್ತು ವರ್ಷ ಆಯಿತು ಮಾತಿಲ್ಲ. ಭುವನಾಳ ಕಿವಿ ಚುಚ್ಚುವಾಗಲೂ ಬರಲಿಲ್ಲ, ತಂಗವೇಲುವಿನ ಮಡಿಲಲ್ಲೇ ಕೂರಿಸಿ ಚುಚ್ಚಿದರು.

‘ದಿವಾಕರಣ್ಣ ಹೊರಲಿ ದೊಡ್ಡಮ್ಮ. ನನಗೆ ಅಣ್ಣನ ಸ್ಥಾನದಲ್ಲಿ ನಿಂತು. ಸಾಮಾನು ನನ್ನದೇ. ಗೇಟಿಂದ ಸ್ಟೇಜ್ ತನಕ, ಇಪ್ಪತ್ತು ಹೆಜ್ಜೆ. ಹುಡುಗಿ ಮಾನ ಉಳಿದ್ರೆ ಸಾಕು. ಇಲ್ದಿದ್ರೆ ಅವಳು ಆ ಸ್ಕೂಲಿಗೆ ಮತ್ತೆ ಕಾಲಿಡಲ್ಲ, ನನಗೆ ಗೊತ್ತು ಅವಳ ಸ್ವಭಾವ.’

ಯೋಚಿಸಿ ಹೇಳುತ್ತೇನೆ ಎಂದೆ. ನನ್ನ ಮನೆಯಲ್ಲಿ ಕಾಫಿ ಕುಡಿಯದೆ ಹೋದಳು. ಮೊದಲ ಸಲ.

ಡಿಸೆಂಬರ್ 23, ಭಾನುವಾರ

ಊಟಕ್ಕೆ ಕೂತಾಗ ಹೇಳಿದೆ. ದಿವಾಕರ್ ಅನ್ನ ಕಲಸುತ್ತಾ, ‘ಒಂದು ಡ್ರಮ್ಮು ತಾನೇ, ಹೊತ್ತರಾಯ್ತು’ ಎಂದ. ಪೂಂಗೊಡಿ ಕೂಡ ಬೇಡ ಎನ್ನಲಿಲ್ಲ.

ಬೇಡ ಎಂದದ್ದು ನಾನು.

ಸೀರ್ ಹೊರುವುದು ಒಂದು ದಿನದ ಮಾತಲ್ಲ. ಅಣ್ಣ ಎಂದು ನಿಂತು ಒಂದು ಸಲ ಹೊತ್ತವನು ಆ ಹುಡುಗಿ ದೊಡ್ಡವಳಾದಾಗ ತೆಂಗಿನ ಗರಿಯ ಗುಡ್ಲು ಹಾಕಬೇಕು, ಮದುವೆಗೆ ಹೊರಬೇಕು, ಅವಳ ಮಕ್ಕಳ ಕಿವಿ ಚುಚ್ಚುವುದಕ್ಕೆ ಹೊರಬೇಕು. ಅವನು ಸತ್ತರೆ ಅವನ ಮಗ. ಸ್ಕೂಲಿನವರ ಆಟಕ್ಕೋಸ್ಕರ ಮೂರು ತಲೆಮಾರಿಗೆ ನಂಟು ಕಟ್ಟಲಾಗುವುದಿಲ್ಲ.

‘ಅದು ನಿಜವಾದ ಸೀರ್ ಅಲ್ವಲ್ಲಮ್ಮ’ ಎಂದ ದಿವಾಕರ್. ‘ನೀನೇ ಮೀಟಿಂಗಲ್ಲಿ ಬಯ್ದು ಬಂದೆಯಲ್ಲ.’

‘ಮೇಳ ಇದೆ, ಮಾವ ಹೊರ್ತಾನೆ, ಹೆಸರು ಕೂಗ್ತಾರೆ. ಇನ್ನೇನು ಬೇಕು ನಿಜ ಆಗೋಕೆ?’

ಅವನು ಮಜ್ಜಿಗೆ ಹಾಕಿಸಿಕೊಂಡ.

ಡಿಸೆಂಬರ್ 24, ಸೋಮವಾರ

ರಾಮಾಯಿಗೆ ಹೇಳಿ ಬಂದೆ. ಕಾರಣವನ್ನೂ ಹೇಳಿದೆ. ಮಿಷನ್ ನಿಲ್ಲಿಸದೆ ಕೇಳಿದಳು.

‘ಸರಿಂಗ ದೊಡ್ಡಮ್ಮ. ಕ್ರಮ ಅಂದ್ರೆ ಕ್ರಮ’ ಎಂದಳು.

ಮರ್ಯಾದೆಗೇನೂ ಕಮ್ಮಿ ಮಾಡಲಿಲ್ಲ. ಎದ್ದು ನಿಂತು ಕಳಿಸಿಕೊಟ್ಟಳು. ಇನ್ನೊಂದು ರವಿಕೆ ಪೇಪರಿನಲ್ಲಿ ಸುತ್ತಿ ಕೊಟ್ಟಳು. ಕೂಲಿ ಎಷ್ಟು ಎಂದರೆ, ಆಮೇಲೆ ನೋಡೋಣ ಎಂದಳು.

ನಾನು ಹೇಳಿದ್ದರಲ್ಲಿ ತಪ್ಪಿಲ್ಲ. ಮತ್ತೆ ಮತ್ತೆ ಯೋಚಿಸಿದರೂ ತಪ್ಪಿಲ್ಲ.

ಜನವರಿ 17, 2008. ಗುರುವಾರ

ಇಷ್ಟು ದಿನ ಬರೆದಿಲ್ಲ. ಪೊಂಗಲ್ ಕೆಲಸ. ಮೂರು ಸಲ ಸ್ಕೂಲಿಗೆ ಹೋಗಿ ಬಂದೆ. ಮೇಳದವರು ಎಲ್ಲಿ ನಿಲ್ಲಬೇಕು, ಮಾವಂದಿರಿಗೆ ತಲೆಗೆ ಸಿಂಬಿ ಬೇಕೇ ಬೇಕು, ಗೇಟಿನಲ್ಲಿ ಆರತಿ. ಡ್ರಿಲ್ ಮೇಷ್ಟರಿಗೆ ಕೂಗುವುದನ್ನು ಹೇಳಿಕೊಟ್ಟೆ. ಕ್ರಿಕೆಟ್ ಸ್ಕೋರ್ ಹೇಳುವ ಹಾಗೆ ಹೇಳುತ್ತಿದ್ದ. ಎಳೆದು ಹೇಳಬೇಕು ಎಂದು ತಿದ್ದಿದೆ.

ಏಳನೇ ಕ್ಲಾಸಿನ ಫಾರಂಗಳನ್ನು ಕ್ಲರ್ಕು ತೋರಿಸಿದ. ಭುವನಾಳದೂ ಇತ್ತು. ಮಾವನ ಹೆಸರಿನ ಜಾಗದಲ್ಲಿ ಚೆನ್ನಿಯಪ್ಪನ್ ಎಂದು ಅವಳೇ ತುಂಬಿದ್ದಳು. ವಸ್ತು — ಸ್ಟೀಲ್ ಡ್ರಮ್. ಮಕ್ಕಳ ಕೈಬರಹ, ತಾಯಿಗೆ ಗೊತ್ತಿರಲಾರದು.

ಇಂದುಜಾಳನ್ನು ಕೇಳಿದೆ. ‘ಅವಳು ಮಾವನಿಗೆ ಕಾರ್ಡು ಹಾಕಿದ್ದಾಳೆ ಅಜ್ಜಿ. ಅಡ್ರೆಸ್ಸು ಹಳೇ ಕಲ್ಯಾಣ ಪತ್ರಿಕೆಯಲ್ಲಿ ಇತ್ತಂತೆ. ಖಂಡಿತ ಬರ್ತಾರೆ ಅಂದ್ಲು. ನೀವು ಯಾರಿಗೂ ಹೇಳಬೇಡಿ.’

ಹೇಳಲಿಲ್ಲ. ರಾಮಾಯಿಗೆ ಹೇಳಬೇಕಿತ್ತು. ಅಣ್ಣನ ಹೆಸರು ನನ್ನ ಬಾಯಿಂದ ಹೇಗೆ ಎತ್ತುವುದು ಎಂದು ಬಿಟ್ಟೆ. ಬಂದರೂ ಬಂದಾನು.

ಜನವರಿ 27, ಭಾನುವಾರ

ಆಯಿತು. ಎಲ್ಲಾ ಕ್ರಮವಾಗಿ ಆಯಿತು. ಕಾಲು ನೋವು.

ಜನವರಿ 29, ಮಂಗಳವಾರ

ಬರೆದುಬಿಡುತ್ತೇನೆ.

ಬಿಸಿಲು ಚೆನ್ನಾಗಿತ್ತು. ಬಾಳೆಕಂಬ, ತವಿಲ್, ನಾದಸ್ವರ. ಮುಂದಿನ ಸಾಲಿನಲ್ಲಿ ಕುಷನ್ ಚೇರು ನನಗೆ. ಸೋಮಸುಂದರಂ ಶಾಲು ಹೊದಿಸಿದರು. ‘ಇವರ ಮಾರ್ಗದರ್ಶನದಲ್ಲಿ’ ಎಂದು ಮೈಕಿನಲ್ಲಿ ಹೇಳಿದರು. ಫೋಟೋ ತೆಗೆದರು. ಮೆರವಣಿಗೆ ಮೈನ್ ರೋಡಿನಿಂದ ಬಂತು. ಪ್ಯಾಂಟು ಹಾಕಿದ ಗಂಡಸರು ತಲೆಯ ಮೇಲೆ ಫ್ಯಾನಿನ ಡಬ್ಬ ಹೊತ್ತು ನಡೆಯುತ್ತಿದ್ದರು. ಅಂಗಡಿಯವರೆಲ್ಲ ಹೊರಗೆ ಬಂದು ನೋಡಿದರು. ಅಣ್ಣ ತಮ್ಮ ಇಲ್ಲದವರು ಯಾರುಯಾರನ್ನೋ ಕರೆತಂದಿದ್ದರು, ಒಬ್ಬಾತ ಆಟೋ ಡ್ರೈವರು, ಯೂನಿಫಾರ್ಮ್ ಕೂಡ ಕಳಚಿರಲಿಲ್ಲ. ಯಾರಿಗೆ ಗೊತ್ತಾಗುತ್ತದೆ. ಮೂರು ತಲೆಮಾರು ಎಂದು ಯಾರೂ ಯೋಚಿಸಲಿಲ್ಲ. ನಾನೊಬ್ಬಳೇ.

ಫಸ್ಟ್ ರ‍್ಯಾಂಕ್ ಹುಡುಗಿಯರನ್ನು ಗೇಟಿನಲ್ಲಿ ನಿಲ್ಲಿಸಿದ್ದರು, ಪನ್ನೀರು ಚಿಮುಕಿಸಲು. ಏಳನೇ ಕ್ಲಾಸಿನಿಂದ ಭುವನಾ. ಹಸಿರು ಪಾವಾಡೆ ಲಂಗ. ರಾಮಾಯಿ ರಾತ್ರಿ ಹಗಲು ಕೂತು ಹೊಲಿದದ್ದಿರಬೇಕು, ಅಂಚಿನ ಕೆಲಸ ನನಗೆ ಗೊತ್ತಾಯಿತು. ರಾಮಾಯಿ ಬಂದಿರಲಿಲ್ಲ. ತಂಗವೇಲುವೂ ಇಲ್ಲ.

ನಮ್ಮ ಇಂದುಜಾಳ ಹೆಸರು ಬಂತು. ಪೂಂಗೊಡಿಯ ತಮ್ಮ ಫ್ಯಾನು ಹೊತ್ತು ಬಂದ. ಚಪ್ಪಾಳೆ.

ಆಮೇಲೆ — ‘ಏಳನೇ ತರಗತಿ. ಭುವನಾ. ತಾಯ್‌ಮಾಮನ್ ಚೆನ್ನಿಯಪ್ಪನ್.’ ಎಳೆದು ಕೂಗಿದ, ನಾನು ತಿದ್ದಿದ ಹಾಗೆಯೇ.

ಯಾರೂ ಬರಲಿಲ್ಲ.

ಎರಡನೆಯ ಸಲ ಕೂಗುವಾಗ ಮೇಳದವರು ನಿಲ್ಲಿಸಿದರು. ಅದೂ ಕ್ರಮ, ಹೆಸರು ಕೇಳಿಸಬೇಕಲ್ಲ. ಭುವನಾ ರೋಡಿನ ಕಡೆಗೆ ನೋಡುತ್ತಿದ್ದಳು. ಬಸ್ ಸ್ಟಾಪಿನ ಕಡೆಗೆ. ಕೈಯಲ್ಲಿ ಪನ್ನೀರಿನ ಬುಡ್ಡಿ.

ಮೂರನೆಯ ಸಲ ಕೂಗುವ ಮುಂಚೆ ತಿರುಗಿದಳು. ನನ್ನ ಕಡೆಗೆ ನೋಡಿದ ಹಾಗಿತ್ತು. ಹಿಂದೆ ಸ್ಟೇಜಿತ್ತು, ಸ್ಟೇಜ್ ನೋಡಿರಬಹುದು.

ನಾನು ಕೈ ಎತ್ತಿದ್ದರೆ ಸಾಕಿತ್ತು. ನಿಲ್ಲಿಸಿ ಎಂದಿದ್ದರೆ ಮೇಷ್ಟರು ನಿಲ್ಲಿಸುತ್ತಿದ್ದ, ನಾನು ಹೇಳಿದ್ದನ್ನೇ ತಾನೆ ಅವನು ಮಾಡುತ್ತಿದ್ದದ್ದು. ನಾಲ್ಕು ಸಾಲು ಹಿಂದೆ ದಿವಾಕರ್ ಕೂತಿದ್ದ. ತಿರುಗಿ ಒಂದು ಸಲ ನೋಡಿದ್ದರೆ ಎದ್ದು ಬರುತ್ತಿದ್ದ. ತಿರುಗಲಿಲ್ಲ. ಕೂತೇ ಇದ್ದೆ. ಶಾಲು ಜಾರುತ್ತಿತ್ತು, ಅದನ್ನು ಸರಿ ಮಾಡಿಕೊಂಡೆ.

ಮೂರನೆಯದೂ ಕೂಗಿದ. ಮುಂದಿನ ಹೆಸರು.

ಆ ಹುಡುಗಿ ಅಳಲಿಲ್ಲ. ಮುಂದಿನ ಮಾವನಿಗೆ ಪನ್ನೀರು ಚಿಮುಕಿಸಿದಳು. ಅದರ ಮುಂದಿನವನಿಗೂ. ಕೊನೆಯ ತನಕ ನಿಂತಿದ್ದಳು.

ಫೆಬ್ರವರಿ 4, ಸೋಮವಾರ

ಭುವನಾ ಒಂದು ವಾರದಿಂದ ಸ್ಕೂಲಿಗೆ ಬಂದಿಲ್ಲ. ಇಂದುಜಾ ಊಟದ ಡಬ್ಬಿ ಹಾಗೆಯೇ ವಾಪಸ್ ತರುತ್ತಿದ್ದಾಳೆ. ನನ್ನ ಜೊತೆ ಮಾತು ಕಮ್ಮಿ.

ಟರ್ಮ್ ಫೀಸಿನ ಚೀಟಿ ಬಂದಿದೆ. ಅದರಲ್ಲಿ ಹೊಸ ಸಾಲು — ಜುಬಿಲಿ ಸೀರ್ ಮೆರವಣಿಗೆ ಖರ್ಚು. ಮೇಳ, ಬಾಳೆಕಂಬ, ಶಾಲು. ನನಗೆ ಹೊದಿಸಿದ ಶಾಲಿನ ದುಡ್ಡು ನನ್ನ ಮಗನಿಂದಲೇ.

ಫ್ಯಾನುಗಳು ಇನ್ನೂ ಕ್ಲಾಸಿಗೆ ಬಂದಿಲ್ಲವಂತೆ. ಕರ್ಟೈನ್ ಅಂಗಡಿಯವ ಹೇಳಿದ, ಕರೆಸ್ಪಾಂಡೆಂಟ್ ಮನೆಯವರು ಕಟ್ಟುತ್ತಿರುವ ಕಲ್ಯಾಣ ಮಂಟಪದಲ್ಲಿ ತಿರುಗುತ್ತಿವೆ ಎಂದು. ನಿಜವೋ ಸುಳ್ಳೋ.

ಫೆಬ್ರವರಿ 18, ಸೋಮವಾರ

ತಂಗವೇಲು ಟಿ.ಸಿ. ತೆಗೆದುಕೊಂಡು ಹೋದನಂತೆ. ಪರೀಕ್ಷೆಗೆ ಎರಡು ತಿಂಗಳಿಲ್ಲ. ಸರ್ಕಾರಿ ಸ್ಕೂಲಿಗೆ ಹಾಕುತ್ತಾನಂತೆ. ಅವನನ್ನು ಮಧ್ಯಾಹ್ನದ ತನಕ ಆಫೀಸಿನ ಮುಂದೆ ನಿಲ್ಲಿಸಿದರಂತೆ, ಬಾಕಿ ಕೂಪನ್ ಪುಸ್ತಕ ವಾಪಸ್ ಕೊಡಲಿಲ್ಲ ಎಂದು.

ಸೋಮಸುಂದರಂ ಫೋನು. ‘ಅಮ್ಮಾ, ಪಕ್ಕದೂರಿನ ಎರಡು ಸ್ಕೂಲಿನವರು ಕೇಳ್ತಾ ಇದ್ದಾರೆ, ಹೇಗೆ ಮಾಡಿದ್ರಿ ಅಂತ. ನಿಮ್ಮ ನಂಬರ್ ಕೊಡಲಾ?’

‘ಆ ಹುಡುಗಿ ಹೋದಳಲ್ಲ’ ಎಂದೆ.

‘ಯಾವ ಹುಡುಗಿ?’

ಫೋನ್ ಇಟ್ಟೆ.

ಅವನನ್ನು ಬಯ್ಯಲು ಬೇಕಾದಷ್ಟು ಮಾತಿದೆ. ಬಯ್ದರೆ ಬರೆದುಕೊಳ್ಳುತ್ತಾನೆ.

ಮಾರ್ಚ್ 5, ಬುಧವಾರ

ತರಕಾರಿಯವಳಿಂದ ಗೊತ್ತಾಯಿತು. ರಾಮಾಯಿಯ ಮಗಳು ದೊಡ್ಡವಳಾಗಿ ಮೂರು ದಿನ. ಯಾರಿಗೂ ಹೇಳಿಲ್ಲ. ತೆಂಗಿನ ಗರಿ ಕಡಿದು ಗುಡ್ಲು ಹಾಕಿದ್ದು ತಂಗವೇಲು. ಅಪ್ಪನೇ. ಸೋದರಮಾವ ಹಾಕಬೇಕಾದದ್ದು.

ದಿವಾಕರ್‌ಗೆ ಹೇಳಿದೆ. ಶುಕ್ರವಾರ ಸೀರ್ ತಗೊಂಡು ಹೋಗೋಣ, ನೀನು ಹೊರು ಎಂದೆ.

ನನ್ನ ಕಡೆ ತಿರುಗಿದ.

‘ಅವತ್ತು ಹೊರ್ತೀನಿ ಅಂದೆ. ಬೇಡ ಅಂದದ್ದು ನೀನು. ಈಗ ತಂಗವೇಲು ಎದುರಿಗೆ ಯಾವ ಮುಖ ಇಟ್ಕೊಂಡು ಹೋಗಲಮ್ಮ? ನೀನು ಬೇಕು ಅಂದಾಗ ಅಣ್ಣ, ಬೇಡ ಅಂದಾಗ ಅಲ್ಲ. ಅವರೇನು ಗೊಂಬೆನಾ?’

ನನ್ನೆದುರು ದನಿ ಎತ್ತಿದ್ದು ಇದೇ ಮೊದಲು.

ಮಾರ್ಚ್ 7, ಶುಕ್ರವಾರ. ಸಂಜೆ 6

ಒಬ್ಬಳೇ ಹೋದೆ. ಒಂದೇ ಹರಿವಾಣ. ಸೀರೆ, ಎಳ್ಳೆಣ್ಣೆ, ಪುಟ್ಟು ಹಿಟ್ಟು, ಬೆಲ್ಲ, ತೆಂಗಿನಕಾಯಿ, ಬಳೆ. ಪೂಂಗೊಡಿ ಆಟೋ ಕರೆಯಲಾ ಎಂದಳು. ಬೇಡ ಎಂದೆ. ಸಿಂಬಿ ಸುತ್ತಿ ತಲೆಯ ಮೇಲೆ ಇಟ್ಟುಕೊಂಡೆ. ನಾಲ್ಕು ಗಂಟೆಯ ಬಿಸಿಲು. ಬೀದಿಯವರು ನೋಡಿದರು. ಪಕ್ಕದ ಮನೆಯ ಸುಬ್ಬಾತಾಳ್ ಜಗುಲಿಯಿಂದ ಕೇಳಿಯೇ ಬಿಟ್ಟಳು, ‘ಏನಕ್ಕ, ನೀವು ಹೊರಬಹುದಾ?’ ಎಂದು. ಹೊರಬಾರದು. ಗಂಡ ಹೋದವಳು, ಮಾವನೂ ಅಲ್ಲ, ಹೆಂಗಸು. ಯಾವ ಲೆಕ್ಕದಲ್ಲೂ ಹೊರಬಾರದು. ಹಾಗೇ ನಡೆದೆ.

ರಾಮಾಯಿ ಬಾಗಿಲಿಗೆ ಬಂದು, ನನ್ನ ಹಿಂದೆ ಬೀದಿಯನ್ನು ನೋಡಿದಳು.

‘ನೀವೊಬ್ಬರೇನಾ ದೊಡ್ಡಮ್ಮ?’

‘ಒಬ್ಬಳೇ.’

ಹರಿವಾಣ ಇಳಿಸಿಕೊಳ್ಳಲು ಕೈ ಕೊಡಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಕತ್ತು ನೋಯುತ್ತಿತ್ತು, ನಿಂತೆ.

‘ಸೀರ್ ಆಮೇಲೆ’ ಎಂದಳು. ‘ಸರ್ಕಾರಿ ಸ್ಕೂಲಿಗೂ ಹೋಗಲ್ಲ ಅಂತಾಳೆ. ಮೇ ತಿಂಗಳಿಂದ ಅಪ್ಪನ ಜೊತೆ ಮಿಲ್ಲಿಗೆ ಬರ್ತೀನಿ ಅಂತಾಳೆ. ನಾನೂ ಹೇಳಿ ಆಯ್ತು, ಅವರೂ ಹೊಡೆದು ಆಯ್ತು. ನಿಮಗೆ ಆಗುತ್ತಾ ನೋಡಿ. ಅವಳು ಓದ್ತೀನಿ ಅಂದ್ರೆ ತಟ್ಟೆ ಒಳಗೆ ಬರಲಿ. ಇಲ್ದಿದ್ರೆ ಹಾಗೇ ತಗೊಂಡು ಹೋಗಿ.’

ಹರಿವಾಣ ಜಗುಲಿಯ ಮೇಲೆ ಇಟ್ಟೆ. ಒಳಗೆ ಹೋದೆ.

ಹಿತ್ತಲ ಕಡೆ ಗುಡ್ಲು. ಗರಿ ಒಣಗಲು ಶುರುವಾಗಿತ್ತು. ಭುವನಾ ಚಾಪೆಯ ಮೇಲೆ ಗೋಡೆ ಕಡೆ ತಿರುಗಿ ಕೂತಿದ್ದಳು. ನನಗೆ ನೆಲಕ್ಕೆ ಕೂರಲು ಆಗುವುದಿಲ್ಲ. ಮಂಡಿ. ಕೂತೆ. ಏಳುವುದು ಹೇಗೆ ಎಂದು ಆಮೇಲೆ ನೋಡಿಕೊಂಡರಾಯಿತು ಎಂದು ಕೂತೆ.

ಓದಬೇಕು ಕಂದ ಎಂದೆ. ನಾನು ಹತ್ತನೇ ಕ್ಲಾಸ್ ಓದಿದ್ದೇನೆ, ಆ ಕಾಲದಲ್ಲಿ, ಕೊಳ್ಳೇಗಾಲದಲ್ಲಿ, ಇಡೀ ಕ್ಲಾಸಿಗೆ ಮೂರು ಹುಡುಗಿಯರು. ಇನ್ನೂ ಏನೇನೋ ಹೇಳಿದೆ. ಮಿಲ್ಲಿನ ಧೂಳಿನ ಬಗ್ಗೆ. ನಿನ್ನ ಅಪ್ಪನ ಕೆಮ್ಮಿನ ಬಗ್ಗೆ. ಎಲ್ಲಾ ಸರಿಯಾದ ಮಾತೇ. ಅವಳು ಗರಿಯ ಎಳೆ ಕೀಳುತ್ತಿದ್ದಳು.

ನನ್ನ ಮಾತು ಮುಗಿದ ಮೇಲೆ ತಿರುಗಿದಳು. ಮುಖ ಸಣ್ಣದಾಗಿದೆ.

‘ಅಜ್ಜಿ, ಅವತ್ತು ಮೂರನೇ ಸಲ ಕೂಗೋ ಮುಂಚೆ ನಾನು ನಿಮ್ಮನ್ನ ನೋಡಿದೆ. ನೀವು ನನ್ನ ನೋಡಿದ್ರಾ?’

ಸ್ಟೇಜ್ ನೋಡುತ್ತಿದ್ದೀಯ ಅಂದುಕೊಂಡೆ ಎನ್ನಬಹುದಿತ್ತು. ಬಾಯಿಗೆ ಬಂದಿತ್ತು. ರಾಮಾಯಿ ಬಾಗಿಲಲ್ಲಿ ನಿಂತಿದ್ದಳು.

ನೋಡಿದೆ ಎಂದೆ.

ಆಮೇಲೆ ಅವಳು ಕೇಳಿದ್ದು — ‘ಹಾಗಾದ್ರೆ ಯಾಕೆ ನಿಲ್ಲಿಸಲಿಲ್ಲ ಅಜ್ಜಿ?’ ಹರಿವಾಣ ಇನ್ನೂ ಜಗುಲಿಯ ಮೇಲೇ ಇತ್ತು.